ಈರಣ್ಣನ ಮೂರನೆಯ ಹಾಳೆ

ಆ ಹಾಳೆಗಳಲ್ಲಿ ಇದ್ದದ್ದು ಭೌತಶಾಸ್ತ್ರವೆಂದು ನನಗೆ ಗೊತ್ತಿತ್ತು. ಅಲ್ಲ ಎಂದು ಹೇಳಿದೆ. ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ — ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಆ ಸಹಿಯಿಂದ ನನ್ನ ಬಾಲ್ಯದ ಗೆಳೆಯ ಈರಣ್ಣ ಎರಡು ವರ್ಷ ಬಳ್ಳಾರಿಯ ಜೈಲಿನಲ್ಲಿ ಕೂತ. ನಡೆದು ಏಳು ವರ್ಷವಾಯಿತು, ಈವರೆಗೆ ಯಾರಿಗೂ ಹೇಳಿಲ್ಲ.

ಬರೆಯಲು ಇದಕ್ಕೆ ಮೊದಲು ನಾಲ್ಕು ಸಲ ಕೂತಿದ್ದೇನೆ. ನಾಲ್ಕು ಸಲವೂ ಬರಹ 'ಆಗಿನ ಕಾಲ ಹಾಗಿತ್ತು' ಎಂದೇ ಶುರುವಾಗುತ್ತಿತ್ತು. ಯುದ್ಧ, ಚಳವಳಿ, ಮೇಲಿನವರ ಹುಕುಂ — ಎಲ್ಲ ಸೇರಿ ಎರಡು ಪುಟ ತುಂಬುತ್ತಿತ್ತು, ನಾನು ಮಾತ್ರ ಅದರಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಹರಿದು ಹಾಕಿದೆ. ಕಾಲ ಹೇಗಾದರೂ ಇರಲಿ, ಪೆನ್ನು ನನ್ನ ಕೈಯಲ್ಲಿತ್ತು.

ನಾವಿಬ್ಬರೂ ಆದವಾನಿಯವರು. ನಮ್ಮದು ಹತ್ತಿ ವ್ಯಾಪಾರದ ಮನೆ. ನಮ್ಮಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಂಡಿಗೆ ಹೋದರೆ ಊಟಕ್ಕೇ ಮನೆ ಕಾಣುವವರು. ಈರಣ್ಣನದು ಜಮಖಾನ ನೇಯುವ ಮನೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಲೆಕ್ಕದಲ್ಲಿ ಅವನು ನನಗಿಂತ ಮುಂದಿದ್ದ. ಇದನ್ನು ಬರೆಯುವಾಗ ಇವತ್ತಿಗೂ ಸಣ್ಣಗೆ ಹೊಟ್ಟೆ ಉರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಮದರಾಸಿನ ಕಾಲೇಜಿಗೆ ಹೋದೆ, ಅವನು ತರಬೇತಿ ಮುಗಿಸಿ ಹೊಳಗುಂದದ ಶಾಲೆಯಲ್ಲಿ ಮಾಸ್ತರನಾದ. ಹೊರಡುವ ದಿನ ಸ್ಟೇಷನ್ನಿಗೆ ಬಂದು, ರೈಲಿನ ಕಿಟಕಿಗೆ ಕೈ ಹಚ್ಚಿ ನಿಂತು ಹೇಳಿದ:

"ಏ ಸಾವಕಾರ, ನಿನಗ ಮದರಾಸು, ನನಗ ಹೊಳಗುಂದ. ಆತು ಬಿಡು. ಆದ್ರ ಪುಸ್ತಕ ಮಾತ್ರ ಇಬ್ಬರಿಗೂ ಒಂದ ಇರಬೇಕು ನೋಡು."

ಆ ಮಾತನ್ನು ನಾನು ಹತ್ತು ವರ್ಷ ನಡೆಸಿದೆ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು. ಕ್ವಾಂಟಂ ಭೌತಶಾಸ್ತ್ರ ಆಗಿನ್ನೂ ಹಸಿ ಹಸಿಯಾಗಿತ್ತು. ನಮ್ಮ ಪ್ರೊಫೆಸರರಲ್ಲಿಯೇ ಅರ್ಧ ಜನ ಅದನ್ನು ನಂಬುತ್ತಿರಲಿಲ್ಲ. ನಾನು ಅದರ ಹುಚ್ಚು ಹಿಡಿಸಿಕೊಂಡು ಜರ್ಮನ್ ಕಲಿತೆ, ಬೆಂಗಳೂರಿಗೆ ಹೋಗಿ ಸಂಶೋಧನೆಗೆ ಕೂತೆ. ಓದಿದ ಪುಸ್ತಕಗಳನ್ನು ಒಂದೊಂದಾಗಿ ಈರಣ್ಣನಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಅವನು ಮೂರು ತಿಂಗಳು ಇಟ್ಟುಕೊಂಡು, ಪೂರ್ತಿ ಕೈಯಲ್ಲಿ ನಕಲು ಮಾಡಿಕೊಂಡು ವಾಪಸು ಕಳಿಸುತ್ತಿದ್ದ. ಜತೆಗೊಂದು ಕಾಗದ. ಕಾಗದದಲ್ಲಿ ಪ್ರಶ್ನೆಗಳು. ಮೊದಮೊದಲು ಉತ್ತರ ಬರೆಯಲು ನನಗೆ ಅರ್ಧ ಗಂಟೆ ಸಾಕಾಗುತ್ತಿತ್ತು, ಆಮೇಲಾಮೇಲೆ ಒಂದು ವಾರ ಹಿಡಿಯತೊಡಗಿತು.

ಅವನು ಲೆಕ್ಕ ಬರೆಯುವ ರೀತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಎಲ್ಲ ಅದರಿಂದಲೇ ಆದದ್ದು. ಅವನ ಅಪ್ಪ ಜಮಖಾನದ ನಕ್ಷೆಯನ್ನು ಒಂದು ಹಲಗೆಯ ಮೇಲೆ ಚೌಕ ಹಾಕಿ ಬರೆಯುತ್ತಿದ್ದ. ಕೆಂಪು ದಾರ ಬರುವ ಚೌಕಕ್ಕೆ ಒಂದು ಗುರುತು, ನೀಲಿಗೆ ಇನ್ನೊಂದು, ಏನೂ ಇಲ್ಲದ ಕಡೆ ಖಾಲಿ. ಪೂರ್ತಿ ಜಮಖಾನವನ್ನು ಎಂದೂ ಬರೆಯುತ್ತಿರಲಿಲ್ಲ. ಒಂದು ಮೂಲೆ ಮಾತ್ರ ಬರೆಯುತ್ತಿದ್ದ. ಉಳಿದ ಮೂರು ಮೂಲೆಗಳನ್ನು ಅದನ್ನೇ ತಿರುಗಿಸಿ, ಮಗುಚಿ ನೇಯುವುದು. ಅದು ಕೈಗೆ ಗೊತ್ತಿರುತ್ತದೆ, ಬರೆಯುವ ಅಗತ್ಯವಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅವರ ಮನೆಯ ಜಗುಲಿಯ ಮೇಲೆ ಕೂತು ಈರಣ್ಣನಿಗೆ ಹೊಸ ಗಣಿತ ತೋರಿಸುತ್ತಿದ್ದೆ. ಅಣು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋಗುವ ಸಾಧ್ಯತೆಗಳನ್ನೆಲ್ಲ ಅಡ್ಡಸಾಲು, ಉದ್ದಸಾಲು ಮಾಡಿ ಚೌಕದಲ್ಲಿ ಜೋಡಿಸುವ ಪದ್ಧತಿ. ಬಹಳಷ್ಟು ಕಡೆ ಸೊನ್ನೆಯೇ ಬರುತ್ತದೆ. ಅವನು ನೋಡುತ್ತಲೇ ನಕ್ಕ.

"ಇದು ನಮ್ಮಪ್ಪನ ಹಲಗಿ ಐತಲ್ಲೋ ಮಾರಾಯ. ಇದನ್ನ ಕಲಿಯಾಕ ನೀ ಮದರಾಸಿಗೆ ಹೋಗಿದ್ದ್ಯಾ?"

ಅಲ್ಲಿಂದ ಮುಂದೆ ಅವನು ಲೆಕ್ಕವನ್ನೆಲ್ಲ ಅಪ್ಪನ ಹಲಗೆಯ ಹಾಗೆಯೇ ಬರೆಯತೊಡಗಿದ. ಚೌಕದ ಹಾಳೆ, ಕೆಂಪು ಪೆನ್ಸಿಲು, ನೀಲಿ ಪೆನ್ಸಿಲು, ಅಲ್ಲಲ್ಲಿ ಗುರುತು, ಸೊನ್ನೆಯ ಕಡೆ ಖಾಲಿ. ನೋಡಿದವರಿಗೆ ಅದು ಗಣಿತ ಅನ್ನಿಸುತ್ತಿರಲಿಲ್ಲ. ಅಕ್ಷರವಿಲ್ಲ, ಅಂಕೆ ಅಪರೂಪ. ಅದನ್ನು ಓದಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದೆವು — ಬರೆದ ಅವನು ಮತ್ತು ನಾನು.

ಯುದ್ಧ ಶುರುವಾಗಿ ಎರಡನೆಯ ವರ್ಷ ನನಗೊಂದು ಕರೆ ಬಂತು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬೋರ್ಡಿಲ್ಲದ ಒಂದು ಬಂಗಲೆ. ಸರ್ಕಾರದ ಗುಪ್ತಚರ ಇಲಾಖೆಯ ಒಂದು ಸಣ್ಣ ಶಾಖೆ ಅದು. ಕ್ವಾಂಟಂ ವಿದ್ಯೆ ಮತ್ತು ಜರ್ಮನ್ ಭಾಷೆ ಎರಡೂ ಗೊತ್ತಿರುವವನು ಬೇಕಾಗಿದ್ದ. ಶತ್ರು ದೇಶದ ವಿಜ್ಞಾನ ಪತ್ರಿಕೆಗಳು ಹೇಗೋ ಅಲ್ಲಿಗೆ ಬರುತ್ತಿದ್ದವು. ಅವರು ಏನು ಮಾಡುತ್ತಿದ್ದಾರೆ, ಯಾವ ವಿಷಯದಲ್ಲಿ ಥಟ್ಟನೆ ಸುಮ್ಮನಾಗಿದ್ದಾರೆ ಎಂದು ಓದಿ ವರದಿ ಬರೆಯುವುದು ನನ್ನ ಮೊದಲ ಕೆಲಸ. ಎರಡನೆಯದು — ಪೊಲೀಸರು, ಅಂಚೆ ತಪಾಸಣೆಯವರು ಹಿಡಿದು ಕಳಿಸುವ ಅರ್ಥವಾಗದ ಕಾಗದಗಳನ್ನು ನೋಡಿ, ಅದು ವಿಜ್ಞಾನವೇ ಅಲ್ಲವೇ ಎಂದು ಹೇಳುವುದು. ಅದಕ್ಕೊಂದು ಹಳದಿ ಚೀಟಿ ಇತ್ತು. ಚೀಟಿಯಲ್ಲಿ ಎರಡೇ ಚೌಕ: 'ವಿಜ್ಞಾನ', 'ವಿಜ್ಞಾನವಲ್ಲ'. ಮೊದಲನೆಯದಕ್ಕೆ ಗುರುತು ಹಾಕಿದರೆ ಕಾಗದ ಬರೆದವನಿಗೆ ವಾಪಸು ಹೋಗುತ್ತಿತ್ತು. ಎರಡನೆಯದಕ್ಕೆ ಹಾಕಿದರೆ ಮಹಡಿಯ ಮೇಲಿದ್ದ, ಗೂಢಲಿಪಿ ಬಿಡಿಸುವವರ ಕೋಣೆಗೆ. 'ಗೊತ್ತಿಲ್ಲ' ಎಂಬುದಕ್ಕೆ ಚೌಕವಿರಲಿಲ್ಲ. ಗೊತ್ತಿಲ್ಲ ಎನ್ನುವವನಾದರೆ ನಿನ್ನನ್ನು ಯಾಕೆ ಕರೆಸುತ್ತಿದ್ದೆವು ಎಂದು ಶಾಖೆಯ ಮುಖ್ಯಸ್ಥನಾಗಿದ್ದ ಇಂಗ್ಲಿಷ್ ಸಾಹೇಬ ಒಮ್ಮೆ ನಗುತ್ತ ಹೇಳಿದ್ದ. ಆ ಮಾತು ಕೇಳಿ ನಾನು ಉಬ್ಬಿಹೋಗಿದ್ದೆ.

ಸೇರುವ ದಿನ ಗುಟ್ಟಿನ ಪ್ರತಿಜ್ಞೆ ತೆಗೆದುಕೊಂಡೆ. ಸಂಬಂಧಿಕರು, ಗೆಳೆಯರು, ಕಾಗದ ಬರೆಯುವವರು — ಎಲ್ಲರ ಪಟ್ಟಿ ಕೊಡಬೇಕಾಗಿತ್ತು. ಈರಣ್ಣನ ಹೆಸರನ್ನು ಬಿಟ್ಟೆ. ಅವನ ಶಾಲೆಯ ಒಂದಿಬ್ಬರು ಮಾಸ್ತರರು ಖಾದಿ ಹಾಕುತ್ತಾರೆ ಎಂದು ಅವನೇ ಬರೆದಿದ್ದ. ಸುಮ್ಮನೆ ಯಾಕೆ ತಲೆನೋವು ಎಂದುಕೊಂಡೆ. ಅವನಿಗೆ ಒಂದು ಕೊನೆಯ ಕಾಗದ ಬರೆದೆ. ಸರ್ಕಾರಿ ಕೆಲಸಕ್ಕೆ ಸೇರಿದ್ದೇನೆ, ಇನ್ನು ಮುಂದೆ ಬರೆಯಬೇಡ, ನನ್ನ ಕಾಗದಗಳನ್ನು ಇಟ್ಟುಕೊಳ್ಳಬೇಡ, ಯಾರ ಮುಂದೆಯೂ ನನ್ನ ಹೆಸರು ಎತ್ತಬೇಡ. ಅದೇ ಕಾಗದದ ಕೊನೆಯಲ್ಲಿ, ಎರಡು ವರ್ಷದಿಂದ ನಾನು ಜಗ್ಗಾಡುತ್ತಿದ್ದ ಸಮಸ್ಯೆಯನ್ನೂ ಬರೆದಿದ್ದೆ. ಹರಳಿನೊಳಗೆ ಅಣುಗಳು ಒಂದರ ಕೈ ಒಂದು ಹಿಡಿದು ನಡುಗುತ್ತವೆ. ಆ ನಡುಕಗಳನ್ನು ಒಟ್ಟಿಗೆ ಲೆಕ್ಕ ಹಾಕಲು ಹೋದರೆ ಚೌಕಗಳು ಸಾವಿರ ದಾಟುತ್ತವೆ, ಕೈಯಲ್ಲಿ ಮುಗಿಯುವುದಿಲ್ಲ. ನನ್ನಿಂದ ಆಗಲಿಲ್ಲ, ಬಿಟ್ಟುಬಿಟ್ಟೆ ಎಂದು ಬರೆದೆ. ಅದನ್ನು ಬರೆದದ್ದೇಕೋ — ಹೋಗುವ ಮುಂಚೆ ಏನಾದರೂ ಕೊಟ್ಟು ಹೋಗಬೇಕು ಅನ್ನಿಸಿರಬೇಕು.

ನಲವತ್ತೆರಡರಲ್ಲಿ ಚಳವಳಿ ಎದ್ದಿತು. ನಮ್ಮ ಕಡೆ ಆಸ್ಪರಿಯ ಹತ್ತಿರ ಯಾರೋ ರೈಲ್ವೆಯ ತಂತಿ ಕತ್ತರಿಸಿದರು. ಪೊಲೀಸರು ಸುತ್ತಲಿನ ಊರುಗಳ ಮಾಸ್ತರರ ಮನೆಗಳನ್ನೆಲ್ಲ ಜಾಲಾಡಿದರು. ಈರಣ್ಣ ತಂತಿ ಮುಟ್ಟಿದವನಲ್ಲ. ಅವನ ಮನೆಯಲ್ಲಿ ಸಿಕ್ಕಿದ್ದು ಒಂದು ಟ್ರಂಕು ತುಂಬ ಕೆಂಪು ನೀಲಿ ಗುರುತಿನ ಚೌಕದ ಹಾಳೆಗಳು.

ಸಾಹೇಬನೇ ಅವುಗಳಲ್ಲಿ ಕೆಲವನ್ನು ಕೈಯಲ್ಲಿ ಹಿಡಿದು ನನ್ನ ಮೇಜಿಗೆ ತಂದ. ಬೆಳಿಗ್ಗೆ ಹನ್ನೊಂದರ ಹೊತ್ತು. ಟ್ರಂಕು ಪೊಲೀಸರ ಬಳಿಯೇ ಇತ್ತು, ಮಾದರಿಗೆಂದು ಮೂರು ಹಾಳೆ ಮತ್ತು ಅವನ ಹೇಳಿಕೆಯ ಒಂದು ಪ್ರತಿ ಕಳಿಸಿದ್ದರು. ಹಾಳೆ ಕೈಗೆ ತೆಗೆದುಕೊಳ್ಳುವ ಮೊದಲೇ ಗೊತ್ತಾಯಿತು ಯಾರದೆಂದು. ಅವನ ಪೆನ್ಸಿಲಿನ ಒತ್ತು ನನಗೆ ಗೊತ್ತು. ಮೊದಲು ಹೇಳಿಕೆ ಓದಿದೆ.

ಇದನ್ನು ಯಾರು ಕಲಿಸಿದರು ಎಂದು ಕೇಳಿದ್ದರು. ಪುಸ್ತಕ ಓದಿ ಕಲಿತೆ ಎಂದಿದ್ದ. ಪುಸ್ತಕ ಯಾರು ಕೊಟ್ಟರು? ಕೊಂಡದ್ದು. ಇದು ಗಣಿತ ಎಂದು ಸಾಕ್ಷಿ ಹೇಳುವವರು ಯಾರಿದ್ದಾರೆ? ಯಾರೂ ಇಲ್ಲ.

ಯಾರೂ ಇಲ್ಲ ಎಂದಿದ್ದ. ನಾನು ಹೆಸರು ಎತ್ತಬೇಡ ಎಂದಿದ್ದೆನಲ್ಲ, ಅದನ್ನು ಪೊಲೀಸರ ಎದುರಿಗೂ ಪಾಲಿಸಿದ್ದ. ನನ್ನ ಒಂದು ಕಾಗದವೂ ಅವರಿಗೆ ಸಿಕ್ಕಿರಲಿಲ್ಲ. ನಕಲು ಮಾಡಿಟ್ಟ ಪುಸ್ತಕಗಳ ಸಮೇತ ಎಲ್ಲವನ್ನೂ ಸುಟ್ಟಿದ್ದನೆಂದು ಆಮೇಲೆ ತಿಳಿಯಿತು. ಅವನು ನಂಬಿದ್ದು ಒಂದನ್ನೇ ಇರಬೇಕು — ಲೆಕ್ಕ ಸರಿಯಿದ್ದರೆ ಎಲ್ಲಿಯಾದರೂ ಬಲ್ಲವನೊಬ್ಬ ಅದನ್ನು ನೋಡಿ ಹೌದು ಅನ್ನುತ್ತಾನೆ ಎಂಬುದನ್ನು.

ಮೊದಲ ಎರಡು ಹಾಳೆ ಸಲೀಸು. ನನ್ನ ಸಮಸ್ಯೆಯನ್ನೇ ಅವನು ಎತ್ತಿಕೊಂಡಿದ್ದ. ನಾನು ಹೋದ ದಾರಿಯಲ್ಲೇ ಹೋಗಿ, ನಾನು ನಿಂತಲ್ಲಿಯೇ ನಿಂತಿದ್ದ. ಮೂರನೆಯ ಹಾಳೆ — ಅದು ನನಗೆ ಅರ್ಥವಾಗಲಿಲ್ಲ. ಸಾವಿರ ಚೌಕ ಬೇಕಾದ ಕಡೆ ಬರೀ ಮೂವತ್ತಾರು ಚೌಕ. ಎಡಗಡೆಯ ಮೇಲ್ತುದಿಯಲ್ಲಿ ಗುರುತುಗಳು, ಉಳಿದ ಹಾಳೆ ಪೂರ್ತಿ ಖಾಲಿ. ಕೆಳಗೆ ಉತ್ತರವೆಂಬಂತೆ ನಾಲ್ಕು ಅಂಕೆಗಳು. ನಡುವೆ ಏನೂ ಇಲ್ಲ. ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ.

ಸಾಹೇಬ ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದ. ಪೆನ್ಸಿಲು ಕೆತ್ತುವುದು ಅವನ ಚಾಳಿ. ಸುಮ್ಮನೆ ಕೆತ್ತುತ್ತ, ಇದನ್ನು ಓದಬಲ್ಲಿರಾ ಎಂದು ಕೇಳಿದ. ಆಗ ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಇದು ಭೌತಶಾಸ್ತ್ರ, ಎರಡು ಹಾಳೆ ನನಗೆ ತಿಳಿಯುತ್ತದೆ, ಮೂರನೆಯದು ತಿಳಿಯುವುದಿಲ್ಲ. ಒಂದೇ ವಾಕ್ಯ. ಹಾಗೆಂದರೆ ಅವನು ಕೇಳುತ್ತಿದ್ದ, ತಿಳಿಯದಿದ್ದರೆ ಭೌತಶಾಸ್ತ್ರವೆಂದು ಹೇಗೆ ಹೇಳುತ್ತೀರಿ? ಬರೆದವನು ಗೊತ್ತು ಅನ್ನಬೇಕಾಗುತ್ತಿತ್ತು. ಗೊತ್ತಿದ್ದರೆ ಪಟ್ಟಿಯಲ್ಲಿ ಹೆಸರೇಕಿಲ್ಲ? ಅಲ್ಲಿಂದ ಮುಂದೆ ನಾನೂ ಆ ಮೇಜಿನ ಆಚೆ ಬದಿಗೆ —

ಭಯ ಹೌದು. ಭಯವಷ್ಟೇ ಆಗಿದ್ದರೆ ಇಷ್ಟು ವರ್ಷ ನಾನು ಹೀಗೆ ಒದ್ದಾಡುತ್ತಿರಲಿಲ್ಲ. ಭಯಕ್ಕೆ ಜನ ಮರುಗುತ್ತಾರೆ, ನಾನೂ ನನಗೆ ಮರುಗಿಕೊಳ್ಳಬಹುದಿತ್ತು. ಇನ್ನೊಂದಿತ್ತು. ಎರಡು ವರ್ಷ ನಾನು ತಲೆ ಚಚ್ಚಿಕೊಂಡದ್ದಕ್ಕೆ ಹೊಳಗುಂದದ ಒಬ್ಬ ಮಾಸ್ತರ ಮೂವತ್ತಾರು ಚೌಕದಲ್ಲಿ ಉತ್ತರ ಬರೆದಿದ್ದಾನೆ, ಅದು ಉತ್ತರವೋ ಅಲ್ಲವೋ ಎಂದು ಹೇಳುವಷ್ಟೂ ಬುದ್ಧಿ ನನಗಿಲ್ಲ — ಇದನ್ನು ಆ ಬಿಳಿಯನ ಮುಂದೆ, ನನ್ನನ್ನು ಬಂದವರಿಗೆಲ್ಲ ತೋರಿಸಿ ಮೆರೆಯುತ್ತಿದ್ದವನ ಮುಂದೆ, ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಭಯ ಮೊದಲು ಬಂತೋ ಮತ್ಸರ ಮೊದಲು ಬಂತೋ. ಎಷ್ಟು ಸಲ ಆ ಗಳಿಗೆಯನ್ನು ಬಿಚ್ಚಿ ನೋಡಿದ್ದೇನೆ, ಗೊತ್ತಾಗುವುದಿಲ್ಲ.

"ಇದು ಭೌತಶಾಸ್ತ್ರ ಅಲ್ಲ, ಸರ್," ಎಂದೆ.

ಖಂಡಿತವೇ ಎಂದು ಕೇಳಿದ. ಖಂಡಿತ ಎಂದೆ. ಹಳದಿ ಚೀಟಿಯ ಎರಡನೆಯ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಆಮೇಲೆ ಊಟದ ಹೊತ್ತಾಯಿತು, ಹೋಗಿ ಊಟ ಮಾಡಿದೆ.

ಹಾಳೆಗಳು ಮಹಡಿಯ ಮೇಲಕ್ಕೆ ಹೋದವು. ಅಲ್ಲಿದ್ದವರು ಬುದ್ಧಿವಂತರು, ಎಂಥೆಂಥ ಗೂಢಲಿಪಿಯನ್ನೋ ಬಿಡಿಸಿದವರು. ಇದನ್ನು ಮಾತ್ರ ಬಿಡಿಸಲಾಗಲಿಲ್ಲ. ಬಿಡಿಸಲು ಅದರಲ್ಲಿ ಗುಟ್ಟು ಇದ್ದರಲ್ಲವೇ? ಟ್ರಂಕನ್ನೇ ತರಿಸಿಕೊಂಡರು. ತಿಂಗಳುಗಟ್ಟಲೆ ಕೂತರು. ಅವರಿಗೆ ಸೋಲಾದಷ್ಟೂ ಈರಣ್ಣ ದೊಡ್ಡ ಅಪಾಯಕಾರಿಯಾಗುತ್ತ ಹೋದ. ಇಷ್ಟು ಗಟ್ಟಿಯಾದ ಲಿಪಿ ಕಟ್ಟಿದವನು ಬರೀ ಶಾಲಾ ಮಾಸ್ತರ ಇರಲಾರ ಎಂದು ಮೇಲಕ್ಕೆ ಬರೆದರು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಹುಕುಂ ಬಂತು. ಲಿಪಿಯ ಕೀಲಿ ಹೇಳು ಎಂದು ಜೈಲಿನಲ್ಲಿ ಅವನನ್ನು ದಿನಗಟ್ಟಲೆ ನಿಲ್ಲಿಸಿ ಕೇಳುತ್ತಿದ್ದರಂತೆ. ಆ ವರದಿಗಳ ಪ್ರತಿ ನನ್ನ ಮೇಜಿನ ಮೇಲೂ ಬರುತ್ತಿತ್ತು. ಓದಿ, ಓದಿದ್ದೇನೆ ಎಂದು ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಬರೆದು ಮುಂದಕ್ಕೆ ಕಳಿಸುತ್ತಿದ್ದೆ.

ಐದಾರು ತಿಂಗಳಾದ ಮೇಲೆ ತಂಗಿಯ ನಿಶ್ಚಿತಾರ್ಥಕ್ಕೆ ಆದವಾನಿಗೆ ಬಂದೆ. ಪಡಸಾಲೆಯಲ್ಲಿ ಬೀಗರಿಗಾಗಿ ದೊಡ್ಡ ಜಮಖಾನ ಹಾಸಿದ್ದರು, ನಮ್ಮೂರಿನದೇ ನೇಯ್ಗೆ. ಜಂಗಮರು ಬರುವುದು ತಡವಾಯಿತು. ಎಲೆ ಅಡಿಕೆ ಮೆಲ್ಲುತ್ತ, ಸೋದರಮಾವನ ಹತ್ತಿಯ ಮಾತು ಕೇಳುತ್ತ, ತಲೆ ಬಗ್ಗಿಸಿ ಕೂತಿದ್ದೆ. ಜಮಖಾನದ ಮೂಲೆ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಅದನ್ನೇ ನೋಡುತ್ತಿದ್ದವನಿಗೆ ಥಟ್ಟನೆ ತಿಳಿಯಿತು. ಅವನು ಮೂಲೆ ಮಾತ್ರ ಬರೆದಿದ್ದ. ಹರಳಿನಲ್ಲಿಯೂ ಹಾಗೆಯೇ ಅಲ್ಲವೇ — ಅದನ್ನು ತಿರುಗಿಸಿದರೂ ಮಗುಚಿದರೂ ಅದೇ ಹರಳು. ಒಂದು ಮೂಲೆಯ ನಡುಕ ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ. ಸಾವಿರ ಚೌಕ ಬೇಡವೇ ಬೇಡ. ಮೂವತ್ತಾರು ಸಾಕು.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಬಚ್ಚಿಡುವುದಿಲ್ಲ. ಎದ್ದು ಅಟ್ಟಕ್ಕೆ ಹೋಗಿ, ನೆನಪಿನಿಂದ ಆ ಹಾಳೆಯನ್ನು ಬರೆದು, ಲೆಕ್ಕ ಹಾಕಿ ನೋಡಿದೆ. ನಾಲ್ಕು ಅಂಕೆಗಳೂ ಸರಿ. 'ಭಲೇ ಮಗನೇ' ಎಂದು ಗಟ್ಟಿಯಾಗಿಯೇ ಅಂದೆ. ಅಂದ ಮೇಲೆ ನೆನಪಾಯಿತು, ಅವನು ಎಲ್ಲಿದ್ದಾನೆ ಮತ್ತು ಯಾಕಿದ್ದಾನೆ ಎಂದು.

ಆಗಲಾದರೂ ಸರಿಪಡಿಸಬಹುದಿತ್ತು. ಅಭಿಪ್ರಾಯ ಬದಲಿಸಲು ನಮ್ಮಲ್ಲಿ ಒಂದು ನಮೂನೆ ಇತ್ತು. ಬೆಂಗಳೂರಿಗೆ ಹೋದ ಮೇಲೆ ಅದನ್ನು ತುಂಬಿದೆ. ಸಹಿಯನ್ನೂ ಹಾಕಿದೆ. ಮೇಜಿನ ಖಾನೆಯಲ್ಲಿಟ್ಟೆ, ನಾಳೆ ಕೊಡೋಣ ಎಂದು. ಖಂಡಿತ ಎಂದವನು ಈಗ ಹೇಗೆ ಬದಲಾದ ಎಂದು ಕೇಳುತ್ತಾರಲ್ಲ, ಅದಕ್ಕೊಂದು ಒಳ್ಳೆಯ ಉತ್ತರ ಸಿಗಲಿ ಎಂದು ಕಾದೆ. ಉತ್ತರ ಸಿಗಲಿಲ್ಲ. ಹದಿನೈದು ದಿನದ ಮೇಲೆ ಆ ನಮೂನೆಯನ್ನು ಸುಟ್ಟೆ. ಅದೇ ಹದಿನೈದು ದಿನದಲ್ಲಿ ಇನ್ನೊಂದನ್ನು ಬರೆದು ಮುಗಿಸಿದ್ದೆ — ಆ ಲೆಕ್ಕದ ಮೇಲೆ ಒಂದು ಲೇಖನ, ನನ್ನ ಒಬ್ಬನದೇ ಹೆಸರಿನಲ್ಲಿ. ಅದನ್ನು ಅಚ್ಚಿಗೆ ಕಳಿಸಲಿಲ್ಲ. ಹಾಗೆಂದು ಯಾರೂ ನನ್ನನ್ನು ಮೆಚ್ಚಬೇಕಾಗಿಲ್ಲ, ಹೊರದೇಶದಲ್ಲಿ ಯಾರೋ ವರ್ಷಗಳ ಹಿಂದೆಯೇ ಅದೇ ವಿಧಾನವನ್ನು ಕಂಡುಕೊಂಡಿದ್ದರೆಂದು ಹಳೆಯ ಜರ್ಮನ್ ಪತ್ರಿಕೆಯೊಂದರಲ್ಲಿ ಕಣ್ಣಿಗೆ ಬಿತ್ತು. ಅದಕ್ಕಾಗಿ ಕಳಿಸಲಿಲ್ಲ. ಹೊರದೇಶದ ದೊಡ್ಡವರು ಕಂಡದ್ದನ್ನು ಹೊಳಗುಂದದಲ್ಲಿ ಕೂತು, ಅಪ್ಪನ ಹಲಗೆ ನೆನೆಸಿಕೊಂಡು, ಈರಣ್ಣ ಕಂಡಿದ್ದ. ಇದು ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ.

ನಲವತ್ತನಾಲ್ಕರ ಕೊನೆಗೆ ಅವನನ್ನು ಬಿಟ್ಟರು. ಲಿಪಿಯವರಿಗೆ ಬೇಸರ ಬಂದಿತ್ತು, ಅಷ್ಟೇ. ಮಾಸ್ತರಿಕೆ ಹೋಗಿತ್ತು. ಅವನು ಆದವಾನಿಗೆ ಬಂದು ಅಪ್ಪನ ಮಗ್ಗಕ್ಕೆ ಕೂತ. ಯುದ್ಧ ಮುಗಿದು ಇಲಾಖೆ ನನ್ನನ್ನೂ ಬಿಟ್ಟ ಮೇಲೆ ನಾನೂ ಊರಿಗೆ ಬಂದೆ. ಅವನನ್ನು ನೋಡಲು ಹೋಗಬೇಕೆಂದು ಒಂದು ತಿಂಗಳು ಅಂದುಕೊಂಡು, ಒಂದು ಮಧ್ಯಾಹ್ನ ಹೋದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ತೆಳ್ಳಗಾಗಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

"ಬರ್ರಿ, ಕುಂದರ್ರಿ," ಎಂದ. "ಗೌರಾ, ಶರಣಪ್ಪನೋರು ಬಂದಾರ ನೋಡು."

ಬರ್ರಿ ಎಂದ. ಇಪ್ಪತ್ತು ವರ್ಷ ನನ್ನನ್ನು ನೀನು ಎಂದವನು. "ಏನಪ್ಪಾ ಈರಣ್ಣ, ನನಗ ಯಾವಾಗಿಂದ ರೀ ಅನ್ನಾಕತ್ತಿ?" ಎಂದು ನಗಲು ನೋಡಿದೆ.

"ಜೈಲಿನಾಗ ಎಲ್ಲಾರಿಗೂ ರೀ ಅಂದು ಅಂದು ರೂಢಿ ಆಗೇತ್ರಿ," ಎಂದ. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ರೂಢಿಯಾಗಿತ್ತು.

ಅವನ ಹೆಂಡತಿ ಗೌರಮ್ಮ ಮಜ್ಜಿಗೆ ತಂದಿಟ್ಟಳು. ಮಳೆ, ಹತ್ತಿ, ನೂಲಿನ ಅಭಾವ, ಎಲ್ಲ ಆಡಿದೆವು. ನಾನೇ ಕೇಳಿದೆ, ಕೇಳಬಾರದಿತ್ತು — ಈಗಲೂ ಲೆಕ್ಕ ಮಾಡುತ್ತೀಯಾ ಎಂದು. ಅವನು ದಾರವೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾರದೋ ಕಥೆ ಹೇಳುವವನ ಹಾಗೆ ಹೇಳಿದ.

"ಅದನ್ನ ಬಿಟ್ಟೇನ್ರಿ. ಜೈಲಿಗೆ ಒಬ್ಬ ಸಿಐಡಿ ಬಂದಿದ್ದ, ತೆಲುಗಾವ. 'ನೀ ಕಾಗಿತಾಲು ಪೆದ್ದ ಸೈಂಟಿಸ್ಟುಕಿ ಚೂಪಿಂಚಾಮು, ಇದಿ ಫಿಜಿಕ್ಸು ಕಾದನ್ನಾಡು' ಅಂದ. ದೊಡ್ಡ ಸೈಂಟಿಸ್ಟ ನೋಡಿ, ಫಿಜಿಕ್ಸ ಅಲ್ಲ ಅಂದಾನಂತ. ನಾ ಅಲ್ಲೀ ತನಕ ಧೈರ್ಯದಾಗಿದ್ದೆ. ಬಲ್ಲವ ಒಬ್ಬ ನೋಡಿದ್ರ ಸಾಕು, ನನ್ನ ಬಿಡತಾರ ಅಂತ. ಬಲ್ಲವನ ನೋಡಿದ್ದ. ಅಲ್ಲ ಅಂದಿದ್ದ. ಮುಗೀತಲ್ರಿ. ಹತ್ತು ವರ್ಷ ಏನೇನೋ ಗೀಚಿಕೋತ ಕುಂತಿದ್ದೆ, ಅದಾ ವಿದ್ಯಾ ಅಂದಕೊಂಡು. ಒಬ್ಬ ಹೇಳಿದ್ನಲ್ಲ, ಒಳ್ಳೇದಾತು."

ನಾನು ಜೈಲಿನ ಎರಡು ವರ್ಷವನ್ನೇ ನನ್ನ ತಪ್ಪಿನ ಅಳತೆ ಎಂದುಕೊಂಡಿದ್ದೆ. ಜೈಲು ಮುಗಿದುಹೋಗಿತ್ತು. ನನ್ನ ಮಾತು ಮುಗಿದಿರಲಿಲ್ಲ. ಅವನು ಅದನ್ನು ನಂಬಿದ್ದ. ಸರ್ಕಾರದ ಮಾತನ್ನಾಗಿದ್ದರೆ ನಂಬುತ್ತಿರಲಿಲ್ಲ. ಬಲ್ಲವನೊಬ್ಬನ ಮಾತು ಎಂದು ನಂಬಿದ್ದ.

ಗೌರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಮಗಳು ಲೆಕ್ಕ ತಂದ್ರ ಮುಟ್ಟಂಗಿಲ್ರಿ ಇವರು," ಎಂದಳು. "ಮಾಸ್ತರನ್ನ ಕೇಳು, ನನಗ ಬರಂಗಿಲ್ಲ ಅಂತಾರ. ಸಣ್ಣ ಕೂಡೋ ಲೆಕ್ಕ. ನೀವಾರ ಹೇಳ್ರಿ ಅಣ್ಣಾರ, ನೀವು ಓದಿದೋರು, ಆ ಹಾಳಿ ನೋಡಿದೋರು. ಅದರಾಗ ಏನಾರ ಇತ್ತೋ ಇಲ್ಲೋ?"

ಅವಳು ಹೇಳಿದ ಹಾಳೆಗಳು, ಹಿಂದೆ ರಜೆಯಲ್ಲಿ ಜಗುಲಿಯ ಮೇಲೆ ನಾನು ನೋಡುತ್ತಿದ್ದವು. ಈರಣ್ಣ ದಾರ ಸುತ್ತುವುದನ್ನು ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ, ಆದರೆ ನಿಲ್ಲಿಸಿದ. ಏನೂ ಬೇಡವೆಂದವನು ಕಾಯುತ್ತಿದ್ದ. ಮನೆಯಲ್ಲಿ ನಾವು ಮೂವರೇ ಇದ್ದೆವು. ಪ್ರತಿಜ್ಞೆ ಮಾಡಿಸಿದ ಸಾಹೇಬ ಹಡಗು ಹತ್ತಿ ಹೋಗಿದ್ದ. ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ.

"ಈಗ ಅದೆಲ್ಲಾ ಯಾಕ ತಂಗಿ," ಎಂದೆ.

ಮಗ್ಗ ಮತ್ತೆ ಶುರುವಾಯಿತು. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ. ಮೊದಲನೆಯ ಸುಳ್ಳಿಗೆ ಭಯ, ಮತ್ಸರ ಎಂದು ಏನಾದರೊಂದು ಹೆಸರು ಕೊಡಬಹುದು. ಈ ಎರಡನೆಯದಕ್ಕೆ ಹೆಸರು ಸಿಕ್ಕಿಲ್ಲ.

ಅದಾಗಿ ಮೂರು ವರ್ಷ ದಾಟಿತು. ನಾವಿಬ್ಬರೂ ಒಂದೇ ಊರಿನಲ್ಲಿದ್ದೇವೆ. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಪಾಠದ ನಡುವೆ ಹುಡುಗರು ಇದು ಸರಿಯೇ ಸಾರ್ ಎಂದು ನೋಟುಬುಕ್ಕು ಚಾಚಿದರೆ ಎರಡೆರಡು ಸಲ ನೋಡುತ್ತೇನೆ, ಮೂರು ಸಲ ನೋಡುತ್ತೇನೆ, ತಪ್ಪು ಎಂದು ಹೇಳಲು ಬಾಯಿ ಬರುವುದಿಲ್ಲ. ಹುಡುಗರು ಇದನ್ನು ನನ್ನ ಒಳ್ಳೆಯತನ ಎಂದುಕೊಂಡಿದ್ದಾರೆ. ಸಂತೆಯಲ್ಲಿ ಈರಣ್ಣ ಎದುರಾದರೆ ಕೈ ಮುಗಿಯುತ್ತಾನೆ. ಆರಾಮ ಅದೀರೇನ್ರಿ ಎನ್ನುತ್ತಾನೆ. ಅದನ್ನು ತಪ್ಪಿಸಿಕೊಳ್ಳಲು ನಾನು ಸಂತೆಗೆ ಬೇರೆ ಓಣಿಯಿಂದ ಹೋಗತೊಡಗಿದ್ದೇನೆ, ಸುತ್ತು ದಾರಿ. ಹೋದ ವಾರ ಆ ಓಣಿಯಲ್ಲಿಯೇ ಅವನ ಮಗಳು ಎದುರಾದಳು. ಎಂಟನೆಯ ತರಗತಿ ಮುಗಿಸಿದ್ದಾಳೆ. ಮುಂದೆ ಏನು ಓದುತ್ತೀಯಮ್ಮ ಎಂದು ಮಾತಿಗೆ ಕೇಳಿದೆ.

"ಲೆಕ್ಕ ಬ್ಯಾಡ ಅಂದಾರ್ರಿ ನಮ್ಮಪ್ಪ," ಎಂದಳು. "ನಮ್ಮ ಮನಿತನಕ್ಕ ಅದು ಹತ್ತಂಗಿಲ್ಲಂತ. ನಾ ನೂರಕ್ಕ ನೂರು ತಗೋತೀನ್ರಿ, ಆದ್ರೂ."

ಅಲ್ಲಿಯೇ ಓಣಿಯಲ್ಲಿ ನಿಂತುಬಿಟ್ಟೆ. ಆಕೆ ಹೋದ ಮೇಲೂ ನಿಂತಿದ್ದೆ.

ಅದಕ್ಕೇ ಈ ಬರಹ. ಗುಟ್ಟಿನ ಪ್ರತಿಜ್ಞೆ ಮುರಿದದ್ದಕ್ಕೆ ಈಗಿನ ಸರ್ಕಾರ ಏನಾದರೂ ಮಾಡುವುದಿದ್ದರೆ ಮಾಡಲಿ. ಇದನ್ನು ಅಚ್ಚಿಗೆ ಕೊಡುವ ಮೊದಲು ಅವನ ಮನೆಗೆ ಹೋಗುತ್ತೇನೆ. ನಾಳೆ ಅಮಾವಾಸ್ಯೆ, ಮಗ್ಗ ನಿಲ್ಲಿಸಿರುತ್ತಾನೆ. ಅವನು ಬೈದರೆ, ಹೊರಗೆ ಹಾಕಿದರೆ ತಡೆದುಕೊಳ್ಳಬಲ್ಲೆ. ಅದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಅನುಭವಿಸಿ ರೂಢಿ ಮಾಡಿಕೊಂಡಿದ್ದೇನೆ. ನನಗಿರುವ ಹೆದರಿಕೆ ಬೇರೆ. ಅವನು ಬೈಯದೆ, ಹಾಗಾದ್ರ ಆ ನಾಲ್ಕೂ ಅಂಕಿ ಸರಿ ಇದ್ದವೇನು ಎಂದು ಕೇಳಿದರೆ. ಆಗ ಅವನ ಮುಖವನ್ನು ನಾನು ನೋಡಬೇಕಾಗುತ್ತದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ, ಅವನು ಅಂಥವನು; ಅದೂ ನನಗೇ ಲಾಭವಾಗುತ್ತದೆ. ಗೌರಮ್ಮನನ್ನೂ ಮಗಳನ್ನೂ ಕರೆದು ಕೂಡಿಸಲು ಹೇಳುತ್ತೇನೆ. ಮೂವರೂ ಕೇಳುವ ಹಾಗೆ ಹೇಳುತ್ತೇನೆ: ಈರಣ್ಣ, ನಿನ್ನ ಹಾಳೆಗಳನ್ನು ನೋಡಿದ ಆ ದೊಡ್ಡ ವಿಜ್ಞಾನಿ ನಾನೇ. ಲೆಕ್ಕ ಸ್ವಲ್ಪವೂ ತಪ್ಪಿರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳುವಷ್ಟು ಬಲ್ಲವನು ಅವತ್ತು ಆ ಮೇಜಿನ ಮುಂದೆ ಇರಲಿಲ್ಲ.